ಬಾಗಿಲ ಮೇಲಿನ ನಾಲ್ಕು ತೂತು

“ತೂತು ಮೊದಲೇ ಅದಾವಲ್ರಿ ಅಮ್ಮಾರ. ಹೊಸಾದೇನು ಹೊಡ್ಯೂದಿಲ್ಲ. ಅದರಾಗ ಮೊಳಿ ಇಟ್ಟು ಎರಡೆರಡು ಏಟು ಹಾಕಿದ್ರ ಮುಗೀತು,” ಎಂದ ಏಣಿಯ ಮೇಲಿದ್ದವನು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಅರ್ಧ ಮಾತು ಹಲ್ಲಿನ ಸಂದಿಯಿಂದಲೇ ಬಂತು.

“ಇಳಿ ಕೆಳಗ,” ಎಂದಳು ಶಮೀಮಾಬಿ.

“ಸರ್ ಹೇಳ್ಯಾರ್ರಿ.”

“ನಿಮ್ಮ ಸರ್ ಮನಿ ಅಲ್ಲ ಇದು. ಇಳೀತೀಯೋ, ಏಣಿ ಎಳೀಲ್ಯೋ?”

ಅವಳ ಒಂದು ಕೈ ಆಗಲೇ ಏಣಿಯ ಮೇಲಿತ್ತು. ಇನ್ನೊಂದು ಕೈಗೆ ಮಣಿಕಟ್ಟಿನವರೆಗೆ ಜೋಳದ ಹಿಟ್ಟು ಮೆತ್ತಿತ್ತು. ಐವತ್ತಮೂರು ವರ್ಷದ ಈ ಹೆಂಗಸು ಎಳೆಯುತ್ತೇನೆ ಎಂದರೆ ಎಳೆಯುವವಳೇ ಎಂಬುದು ಕುಬಿಹಾಳದ ಎಲ್ಲರಿಗೂ ಗೊತ್ತು. ಏಣಿಯ ಮೇಲಿದ್ದವನು ಊರಿಗೆ ಹೊಸಬ, ಆದರೂ ಅವಳ ಮುಖ ನೋಡಿ ಅವನಿಗೂ ಗೊತ್ತಾಯಿತು. ಇಳಿದ. ಕಂಕುಳಲ್ಲಿದ್ದ ಹಲಗೆಯನ್ನು ಗೋಡೆಗೆ ಆನಿಸಿಟ್ಟು, ಬಾಯಿಂದ ಮೊಳೆ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಹಲಗೆಯ ಮೇಲೆ ಹಳೆಯ ಕಾಲದ ಅಕ್ಷರದಂತೆ ಕಾಣಲಿ ಎಂದು ಬಾಲ ಬಿಡಿಸಿ ಬರೆದಿದ್ದರು: ದೇಸಾಯರ ವಾಡೆ.

ಬಾಗಿಲ ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ಬೇರೆ ಅಕ್ಷರಗಳಿದ್ದವು. ಸಾಗುವಾನಿಯಲ್ಲಿ ಉಳಿ ಹಿಡಿದು ಕೆತ್ತಿದ, ಅಷ್ಟೇನೂ ಚೆಂದವಲ್ಲದ, ಆದರೆ ಆಳವಾದ ಅಕ್ಷರಗಳು: ಕಾಸೀಮಸಾಬ, ಅದರ ಕೆಳಗೆ ೧೯೬೮. ಶಮೀಮಾಬಿಯ ಮಾವ ಚಕ್ಕಡಿ ಮಾಡುವ ಕಸುಬಿನವನು. ನಾಲ್ಕು ಊರಿನ ಚಕ್ಕಡಿಗಳಿಗೆ ಗಾಲಿ ಕಟ್ಟಿ, ಆ ದುಡಿಮೆಯಲ್ಲಿ ಈ ಮನೆ ಕಟ್ಟಿದ. ಚೌಕಟ್ಟು ನಿಲ್ಲಿಸುವ ದಿನ ತನ್ನ ಹೆಸರನ್ನು ತಾನೇ ಕೆತ್ತಿದ. ಆ ಹೆಸರಿನ ಎರಡು ಬದಿಗೆ ಮೇಲೊಂದು ಕೆಳಗೊಂದು, ಒಟ್ಟು ನಾಲ್ಕು ತೂತುಗಳಿದ್ದವು. ಬಲಗಡೆಯ ಕೆಳಗಿನದು ಕೊನೆಯ ಅಕ್ಷರದ ಹೊಟ್ಟೆಯಲ್ಲೇ ಇತ್ತು.

ಮನೆಯ ಮಾಳಿಗೆಯ ಮೇಲೆ ಗದ್ದಲವೋ ಗದ್ದಲ. ಮೇ ತಿಂಗಳ ಕೊನೆಯ ವಾರ, ರೋಹಿಣಿ ಮಳೆ ಇವತ್ತೋ ನಾಳೆಯೋ ಎನ್ನುತ್ತಿತ್ತು. ಸಪಾಟಾದ ಮಣ್ಣಿನ ಸೂರೇ ಮಾಳಿಗೆಯಾದ ಮನೆಯವರು ಮಳೆಗೆ ಮುಂಚೆ ಕೆರೆಯಾಚೆಯ ಸವಳು ಮಣ್ಣು ತಂದು ಮೇಲೆ ಹರಡಿ ಬಡಿಯಬೇಕು. ಬಿಳಿಚಿಕೊಂಡ ಆ ಉಪ್ಪುಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ಆ ದಿನ ಓಣಿಯ ಜನ ಮುಯ್ಯಾಳಾಗಿ ಬರುತ್ತಾರೆ. ಇವತ್ತು ನಿಮ್ಮ ಮಾಳಿಗೆಗೆ ನಾವು, ನಾಳೆ ನಮ್ಮದಕ್ಕೆ ನೀವು. ಒಂದೇ ಒಂದು ಬುಟ್ಟಿ ಹೊತ್ತವರಿಗೂ ಆ ಮನೆಯಲ್ಲೇ, ಅವತ್ತೇ ಬಡಿದ ರೊಟ್ಟಿಯ ಊಟ ಆಗಬೇಕು. ಶಮೀಮಾಬಿ ಬೆಳಗಿನ ಆರರಿಂದ ಒಲೆಯ ಮುಂದಿದ್ದಳು. ಹೊರಗೆ ಏಣಿ ಊರಿದ ಸಪ್ಪಳ ಕೇಳಿ ಎದ್ದು ಬಂದದ್ದೇ ಈಗ.

“ಏನಾಯ್ತು ಮೇಡಂ?” ಎನ್ನುತ್ತ ಕೌಶಿಕ ಓಡಿ ಬಂದ. ಮೂವತ್ತರ ಆಸುಪಾಸಿನ ಹುಡುಗ, ಟೀವಿ ಚಾನೆಲ್ಲಿನ ಕಾರ್ಯಕ್ರಮ ನಿರ್ದೇಶಕ. ಹುಟ್ಟಿದ್ದು ಧಾರವಾಡವಾದರೂ ಬೆಳೆದದ್ದೆಲ್ಲ ಬೆಂಗಳೂರು, ಹಾಗಾಗಿ ಮಾತು ಆ ಕಡೆಯದು. ಒಳ್ಳೆಯ ಹುಡುಗನೇ. ಆದರೆ ಒಳ್ಳೆಯವರು ಹಲಗೆ ಹೊತ್ತು ತಂದರೂ ಹಲಗೆ ಹಲಗೆಯೇ.

“ಈ ಹಲಗಿ ಯಾಕ್ರಿ?”

“ಧಾರಾವಾಹೀಲಿ ಬಾಗಿಲ ಮೇಲೆ ಇದೇ ಇತ್ತಲ್ಲ ಮೇಡಂ. ಜನರ ಮನಸ್ಸಲ್ಲಿ ಇರೋ ಮನೆ ಹಾಗೇ ಇದೆ. ನಮ್ಮ ಕಾರ್ಯಕ್ರಮದ ಹೆಸರೇ ‘ಮರೆಯದ ಮನೆಗಳು’. ಹಳೇ ಧಾರಾವಾಹಿಗಳ ಐದು ಮನೆಗಳನ್ನ ಜನ ಆರಿಸಿದಾರೆ. ಈ ಅಂಬಕ್ಕನ ಮನೆಗೇ ಮೊದಲನೇ ಸ್ಥಾನ! ಉಳಿದ ನಾಲ್ಕರಲ್ಲಿ ಒಂದು ಈಗ ಕಲ್ಯಾಣಮಂಟಪ, ಒಂದು ಕಾರು ನಿಲ್ಲಿಸೋ ಜಾಗ. ಇನ್ನೆರಡು ಮನೆಗಳೇ ಅಲ್ಲ, ಸ್ಟುಡಿಯೋದೊಳಗೆ ನಿಲ್ಲಿಸಿದ್ದ ಮೂರು ಮೂರು ಗೋಡೆ. ನಿಜವಾಗಿ ನಿಂತಿರೋದು ಇದೊಂದೇ.”

“ಯಾಕ ನಿಂತೈತಿ ಗೊತ್ತೇನ್ರಿ? ವರ್ಷಾ ಸವಳು ಹಾಕ್ತೀವಿ, ಅದಕ್ಕ ನಿಂತೈತಿ.”

“ಅದನ್ನೇ ಹೇಳೋಕೆ ಬಂದೆ,” ಎಂದು ಕೌಶಿಕ ತಲೆಯೆತ್ತಿ ಮಾಳಿಗೆ ನೋಡಿದ. “ಇವತ್ತೊಂದು ದಿನ ಅದನ್ನ ನಿಲ್ಲಿಸಿಬಿಟ್ರೆ… ಧೂಳು, ಸದ್ದು. ಆಮೇಲೆ ಆ ಬಿಳಿ ಮಣ್ಣು ಬಿದ್ರೆ ಮೇಲಿಂದ ತೆಗೆಯೋ ಚಿತ್ರದಲ್ಲಿ ಮನೆ ಬಣ್ಣವೇ ಬೇರೆ ಆಗುತ್ತೆ.”

ಶಮೀಮಾಬಿ ಏಣಿ ಬಿಟ್ಟು ಬಾಗಿಲಿಗೆ ಅಡ್ಡ ನಿಂತಳು. ಇದೇ ಮಾತನ್ನು, ಬಣ್ಣ ಬೇರೆಯಾಗುತ್ತದೆ ಎಂಬ ಇದೇ ಮಾತನ್ನು, ಅವಳು ಇದೇ ಬಾಗಿಲಲ್ಲಿ ಮೂವತ್ತಮೂರು ವರ್ಷದ ಹಿಂದೆ ಕೇಳಿದ್ದಳು.

ಆಗ ಅವಳು ಮದುವೆಯಾಗಿ ಬಂದು ಮೂರು ತಿಂಗಳ ಸೊಸೆ. ‘ವಾಡೆಯ ಬೆಳಕು’ ಎಂಬ ಧಾರಾವಾಹಿಗೆ ಮನೆ ಹುಡುಕುತ್ತ ಬಂದವರು ಈ ಪಡಸಾಲೆ, ಈ ಕಂಬಗಳನ್ನು ನೋಡಿ ಬಿಟ್ಟು ಹೋಗಲೊಲ್ಲರು. ಮಾವನಿಗೆ ಹೆಮ್ಮೆಯೋ ಹೆಮ್ಮೆ. ತಾನು ಕೆತ್ತಿದ ಕಂಬವನ್ನು ನಾಡೆಲ್ಲ ನೋಡುತ್ತದೆ ಎಂದು ನಲವತ್ತು ದಿನ ಇಡೀ ಮನೆಮಂದಿಯನ್ನು ದನದ ಕೊಟ್ಟಿಗೆಗೆ ಸಾಗಿಸಿದ. ಅಂಗಳದಲ್ಲಿ ಪ್ಲೈವುಡ್ಡಿನ ತುಳಸಿಕಟ್ಟೆ ಎದ್ದಿತು. ಬಾಗಿಲ ಮೇಲೆ ಹಲಗೆ ಏರಿತು. ಸವಳು ಹಾಕುವ ಹೊತ್ತಿಗೆ ಅವರು ಬಂದು, ಹತ್ತು ದಿನ ತಡೆಯಿರಿ, ಮಾಳಿಗೆಯ ಬಣ್ಣ ಬದಲಾದರೆ ಹಿಂದೆ ತೆಗೆದದ್ದಕ್ಕೂ ಮುಂದೆ ತೆಗೆಯುವುದಕ್ಕೂ ತಾಳೆ ಆಗುವುದಿಲ್ಲ ಎಂದರು. ಅತಿಥಿಗಳ ಮಾತು ಮಾವ ಮುರಿಯಲಿಲ್ಲ. ಆರನೆಯ ದಿನ ಮಳೆ ಬಂತು. ಅವರು ಯಂತ್ರಗಳನ್ನು ಲಾರಿಗೆ ತುಂಬಿಕೊಂಡು ಹೋದ ಮರುದಿನ, ನೆನೆದಿದ್ದ ಅಡುಗೆಮನೆಯ ಬಾಜೂಕಿನ ಗೋಡೆ ಕುಸಿದು ಅತ್ತೆ ಮೌಲಾಬಿಯ ಕಾಲು ಮುರಿಯಿತು. ಸಾಯುವತನಕ ಅವಳು ಕುಂಟುತ್ತಲೇ ನಡೆದಳು. ಹೇಗಿದ್ದೀರಿ ಎಂದು ಕೇಳಲು ಯಾರೂ ಬರಲಿಲ್ಲ.

ಧಾರಾವಾಹಿ ಮಾತ್ರ ಬಂತು. ಆಗ ಟೀವಿಯಲ್ಲಿ ಇದ್ದದ್ದೇ ಒಂದು ಚಾನೆಲ್. ಸಣ್ಣ ವಯಸ್ಸಿನಲ್ಲೇ ವಿಧವೆಯಾಗಿ, ದೇಸಾಯರ ವಾಡೆಯನ್ನು ಒಬ್ಬಳೇ ನಿಭಾಯಿಸುವ ಅಂಬಕ್ಕನನ್ನು ನೋಡಿ ಜನ ಅತ್ತರು, ನಕ್ಕರು, ಮಕ್ಕಳಿಗೆ ಅಂಬಿಕಾ ಎಂದು ಹೆಸರಿಟ್ಟರು. ಕೊನೆಗೆ ಕುಬಿಹಾಳದವರೇ ಈ ಮನೆಯನ್ನು ಅಂಬಕ್ಕನ ಮನಿ ಎನ್ನತೊಡಗಿದರು. ಬಸ್ಸಿನ ಕಂಡಕ್ಟರು, ಅಂಚೆಯವನು, ಗ್ಯಾಸಿನ ಗಾಡಿಯವನು, ಎಲ್ಲರಿಗೂ ಅದೇ ಗುರುತು. ದೂರದೂರಿಂದ ಬಂದವರು ತುಳಸಿಕಟ್ಟೆ ಎಲ್ಲಿ ಎಂದು ಕೇಳುತ್ತಿದ್ದರು. ಮಾವ ಅವರಿಗೆ ಚಹಾ ಕೊಟ್ಟು, ಲಾರಿಯಾಗ ಹೋತ್ರಿ ಎಂದು ನಗುತ್ತಿದ್ದ. ಅವನು ತೀರಿಕೊಂಡ ದಿನ ಮಣ್ಣಿಗೆ ಬಂದವರಲ್ಲಿ ಒಬ್ಬರು ಇನ್ನೊಬ್ಬರಿಗೆ, “ಅಂಬಕ್ಕನ ಮನಿ ಸಾಬರು ಹೋದ್ರಂತ,” ಎಂದದ್ದು ಶಮೀಮಾಬಿಯ ಕಿವಿಗೆ ಬಿತ್ತು. ಐವತ್ತು ವರ್ಷ ಗಾಲಿ ಕಟ್ಟಿದವನಿಗೆ ಕೊನೆಗೆ ಅವನ ಹೆಸರೂ ಸಿಗಲಿಲ್ಲ. ಆ ಸಿಟ್ಟು ಅವಳಿಗೆ ಇವತ್ತಿಗೂ ಆರಿಲ್ಲ.

“ಸವಳು ನಿಲ್ಲೂದಿಲ್ಲ,” ಎಂದಳು. “ಹಲಗೀನೂ ಏರೂದಿಲ್ಲ.”

“ಮೇಡಂ, ಜನರ ಮನಸ್ಸಲ್ಲಿ ಇರೋ ಮನೆ…”

“ಜನರ ಮನಸ್ಸಿನ್ಯಾಗ ಇರೂ ಮನಿ ಸೋರತೈತೇನ್ರಿ? ನಮ್ಮದು ಸೋರತೈತಿ.”

ಕೌಶಿಕ ಮತ್ತೆ ಮಾಳಿಗೆಯ ಕಡೆ ನೋಡಿದ. “ನಿಮ್ಮ ಯಜಮಾನರು ಫೋನಲ್ಲಿ ಒಪ್ಪಿಕೊಂಡಿದ್ರು,” ಎಂದ ಮೆಲ್ಲಗೆ.

ಅದು ಹೌದು. ಅಲ್ಲಾವುದ್ದೀನ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಅಪ್ಪನ ಹಾಗೆಯೇ ಕಟ್ಟಿಗೆಯ ಕಸುಬು, ಈಗ ಚಕ್ಕಡಿ ಹೋಗಿ ಬಾಗಿಲು ಕಿಟಕಿ ಮಾಡುತ್ತಾನೆ. ಮಾಳಿಗೆಯಿಂದ ಇಣುಕಿ, ಕೆಳಗೆ ಹೆಂಡತಿಯ ನಿಲುವು ನೋಡಿ, ಗಡಬಡಿಸಿ ಇಳಿದು ಬಂದ. ಗಡ್ಡಕ್ಕೆಲ್ಲ ಸವಳು ಹತ್ತಿ ಇನ್ನಷ್ಟು ಮುದುಕನಂತೆ ಕಾಣುತ್ತಿದ್ದ. ಮನೆಯೊಳಗೆ ಗಂಡಹೆಂಡಿರ ಮಾತು ಉರ್ದುವಿನಲ್ಲಿ. ಆದರೆ ಶಮೀಮಾಬಿಗೆ ಸಿಟ್ಟು ಬಂದರೆ ಕನ್ನಡವೇ ಬರುವುದು.

“ಒಂದು ದಿನದ್ದಲ್ಲೇನ, ಬಿಡು,” ಎಂದ ಅವನು. “ಸಂಜಿಕ ತಗದ ಒಯ್ತಾರ.”

“ಅವತ್ತೂ ಹಿಂಗ ಅಂದಿದ್ರಿ ನೀವು.”

ಅಲ್ಲಾವುದ್ದೀನ ಬಾಗಿಲ ಮೇಲ್ಪಟ್ಟಿಯನ್ನು ನೋಡಿ ಕಣ್ಣು ಕೆಳಗಿಳಿಸಿದ. ಆ ನಾಲ್ಕು ಮೊಳೆ ಹೊಡೆದವನು ಅವನೇ. ಚಿತ್ರದವರ ಆಳು ಸುತ್ತಿಗೆ ಎತ್ತಿದ್ದನ್ನು ಕಂಡು, ಅವ ಹೊಡದ್ರ ಕಟಗಿ ಸೀಳ್ತಾನ, ನೀ ಹೊಡಿ ಮಗಾ ಎಂದು ಕಾಸೀಮಸಾಬನೇ ಮಗನ ಕೈಗೆ ಸುತ್ತಿಗೆ ಕೊಟ್ಟಿದ್ದ. ಮೊದಲು ಸಣ್ಣ ಬೈರಿಗೆಯಿಂದ ದಾರಿ ಮಾಡಿ, ಸೀಳದ ಹಾಗೆ, ಒಳ್ಳೆಯ ಕೆಲಸಗಾರ ಹೊಡೆಯುವಂತೆಯೇ ಹೊಡೆದಿದ್ದ. ಚಿತ್ರೀಕರಣ ಮುಗಿದ ಮೇಲೆ ಹಲಗೆ ಕಿತ್ತರೂ ತೂತು ಮುಚ್ಚಬೇಕೆಂದು ಅವನಿಗೂ ತೋಚಲಿಲ್ಲ, ಅಪ್ಪನಿಗೂ ತೋಚಲಿಲ್ಲ. ಮತ್ತೆ ಯಾವಾಗಲಾದರೂ ಅವರು ಬರಬಹುದು ಎಂದು ಅಪ್ಪನ ಮನಸ್ಸಿನಲ್ಲಿತ್ತೋ ಏನೋ.

ಅವನು ಕೌಶಿಕನಿಗೆ ಹೌದೂ ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ತಿರುಗಿ ಮಾಳಿಗೆ ಹತ್ತಿದ. ಮೇಲಿನಿಂದ ಅವನ ದನಿ ಕೇಳಿತು: “ಏ, ನಿಂತ್ರ್ಯಾಕ? ಬುಟ್ಟಿ ಕೊಡ್ರಿ!”

ಕೌಶಿಕ ತಲೆ ಕೆರೆದುಕೊಂಡ. ಬಾಜೂಕಿನ ಮನೆಯ ರೇವವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಅವನನ್ನು ದಾಟಿ ಹೋಗುತ್ತ, “ಸರೀರಿ ತಮ್ಮಾ, ಚಲೋ ಅಂಗಿ ಹಾಕ್ಕೊಂಡೀರಿ, ಸವಳು ಬಿದ್ರ ಹೋಗೂದಿಲ್ಲ,” ಎಂದಳು.

ಸ್ವಲ್ಪ ಹೊತ್ತು ತನ್ನವರೊಡನೆ ಗುಸುಗುಸು ಮಾಡಿ ಕೌಶಿಕ ಅಡುಗೆಮನೆಯ ಬಾಗಿಲಿಗೆ ಬಂದ. ಶಮೀಮಾಬಿ ಮತ್ತೆ ಒಲೆಯ ಮುಂದೆ ಕೂತಿದ್ದಳು. ಮಗಳು ನಿಲೋಫರ್ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕುತ್ತಿದ್ದಳು. ಕುಂದಗೋಳದ ತಾಲೂಕು ಕಚೇರಿಯಲ್ಲಿ ಗುಮಾಸ್ತೆ ಅವಳು, ಸವಳಿನ ಕೆಲಸಕ್ಕೆಂದು ರಜೆ ಹಾಕಿದ್ದಳು.

“ಸರಿ ಮೇಡಂ, ಹಲಗೆ ಬೇಡ. ಮಾಳಿಗೆ ಕೆಲಸಾನೂ ನಡೀಲಿ, ನಾವು ಹೇಗೋ ಹೊಂದಿಸ್ಕೋತೀವಿ,” ಎಂದ. “ಒಂದೇ ಒಂದು ಸಹಾಯ. ಮೃಣಾಲಿನಿ ಮೇಡಂ ಬರ್ತಿದಾರೆ, ಅಂಬಕ್ಕನ ಪಾತ್ರ ಮಾಡಿದವರು. ಅವರನ್ನ ಈ ಒಲೆ ಮುಂದೆ ಕೂರಿಸ್ತೀವಿ. ಪ್ರತಿ ಕಂತೂ ಶುರುವಾಗೋದೇ ಅಂಬಕ್ಕ ರೊಟ್ಟಿ ಬಡಿಯೋ ಕೈಗಳಿಂದ ಅಲ್ವಾ? ಅದನ್ನ ಮತ್ತೆ ತೆಗೀಬೇಕು. ಅವರಿಗೆ ಕೈ ನೋವಂತೆ. ಅದಕ್ಕೆ, ಹತ್ತಿರದಿಂದ ತೆಗೆಯೋವಾಗ ಮಾತ್ರ, ನಿಮ್ಮ ಕೈ…”

ನಿಲೋಫರ್ ಫಕ್ಕನೆ ನಕ್ಕಳು. ಶಮೀಮಾಬಿ ನಗಲಿಲ್ಲ.

“ತೋರಸವಾ ಅವರಿಗೆ,” ಎಂದಳು ಮಗಳಿಗೆ.

ನಿಲೋಫರ್ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ತೆಗೆದಳು. ಹೋದ ವಾರವಷ್ಟೇ ಯಾರೋ ಏರಿಸಿದ್ದ ಹಳೆಯ ಕಂತು ಅವಳಿಗೆ ಸಿಕ್ಕಿತ್ತು. ಅದರ ಮೊದಲ ಚಿತ್ರದಲ್ಲೇ ನಿಲ್ಲಿಸಿ ಕೌಶಿಕನ ಮುಂದೆ ಹಿಡಿದಳು. ಎರಡು ಕೈ, ನಡುವೆ ಚಂದ್ರನಷ್ಟು ದುಂಡಗಿನ ರೊಟ್ಟಿ. ಬಳೆಯಿಲ್ಲದ ಬರಿಗೈ. ಅವಳು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಉಗುರುಗಳ ಮೇಲೆ, ಬೆರಳ ತುದಿಗಳಲ್ಲಿ ಕಿತ್ತಳೆ ಬಣ್ಣ.

“ಏನಿದು?” ಎಂದ ಕೌಶಿಕ.

“ಮೆಹಂದಿ,” ಎಂದಳು ನಿಲೋಫರ್. “ಅಂಬಕ್ಕ ವಿಧವಿ ಅಲ್ರೀ ಸರ್? ಒಂದು ವರ್ಷ ಮೆಹಂದಿ ಹಚ್ಕೊಂಡು ರೊಟ್ಟಿ ಬಡದಾಳ. ಯಾರೂ ನೋಡಿಲ್ಲ.”

ಕೌಶಿಕ ಚಿತ್ರವನ್ನೊಮ್ಮೆ, ಒಲೆಯ ಮುಂದಿನ ಕೈಗಳನ್ನೊಮ್ಮೆ ನೋಡಿದ.

“ನಿಮ್ಮ ಹೀರೋಯಿನ್‌ಗೆ ಅವತ್ತೂ ಕೈ ನೋವು ಇತ್ರಿ,” ಎಂದಳು ಶಮೀಮಾಬಿ, ಹಿಟ್ಟಿನ ಮುದ್ದೆ ನಾದುತ್ತ. “ಬಂದು ನನ್ನ ಕೂಡಸಿದ್ರು. ಅರಿಷಿಣ ಹಚ್ಚಿ, ಪೌಡರ್ ಬಡದು ಮೆಹಂದಿ ಮುಚ್ಚಿದ್ರು, ಮುಚ್ಚಲಿಲ್ಲ. ಬಳಿ ತಗಿ ಅಂದ್ರು. ಮದಲಗಿತ್ತಿ ಬಳಿರಿ. ಬಿಗಿ ಇದ್ದೂ, ಎರಡು ಒಡದೂ. ನಮ್ಮ ಅತ್ತಿ ಕೊಟಗ್ಯಾಗ ಕುಂತು ಅತ್ತಳು. ನನ್ನ ಗಂಡ ಮಾಳಿಗಿ ಮ್ಯಾಲೆ ನಿಂತಾನ, ನಾ ಕೆಳಗ ಬರಿಗೈಲೆ ರೊಟ್ಟಿ ಬಡೀಲಿಕ್ಕತ್ತೀನಿ. ಮಾರಿ ಬರಬಾರದು ಅಂತ ತಲಿ ಮ್ಯಾಲೆ ಕಂಬಳಿ ಹೊಚ್ಚಿದ್ರು. ಒಲಿ ಮುಂದ, ಬ್ಯಾಸಗ್ಯಾಗ.”

“ನನಗೆ ಇದೆಲ್ಲ ಗೊತ್ತಿರಲಿಲ್ಲ ಮೇಡಂ.”

“ಈಗ ಗೊತ್ತಾತಲ್ಲ. ಕೈ ಬೇಕಂದ್ರ ತಗೋರಿ. ಆದ್ರ ಮಾರೀನೂ ಬರತೈತಿ, ಬಳೀನೂ ಬರತಾವ, ಹೆಸರೂ ಬರತೈತಿ. ಎಲ್ಲಾ ಒಂದ ಮೈಗೆ ಹತ್ಯಾವು. ಕೊಯ್ದು ಕೊಡಾಕ ಬರೂದಿಲ್ಲ.”

ಕೌಶಿಕ, “ಜನ ಅಂಬಕ್ಕನ ರೊಟ್ಟಿ ಅಂತ ಅಷ್ಟು ನಂಬಿದಾರೆ. ಈಗ ಹೋಗಿ ಅದು ಅವರದಲ್ಲ ಅಂದ್ರೆ ಬೇಜಾರಾಗುತ್ತೆ,” ಎಂದ.

“ಆಗಲಿ. ಮೂವತ್ತಮೂರು ವರ್ಷ ನನಗಾಗೇತಿ. ಅವರಿಗೆ ಒಂದು ದಿನ ಆಗಲಿ.”

ಅವನು ಹೊರಗೆ ಹೋದ. ಹೊರಗಿನಿಂದಲೇ ಮುಗಿಸೋಣ, ಒಳಗೆ ಬೇಡ ಎಂದು ತನ್ನವರಿಗೆ ಹೇಳುವುದು ಕೇಳಿಸಿತು. ಶಮೀಮಾಬಿ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೂ ನಲವತ್ತು ರೊಟ್ಟಿ ಆಗಬೇಕಿತ್ತು.

ಹನ್ನೊಂದರ ಹೊತ್ತಿಗೆ ಮೃಣಾಲಿನಿ ಕಾರಿನಿಂದಿಳಿದಳು. ಎಪ್ಪತ್ತೈದು ದಾಟಿದ ಹೆಂಗಸು, ಧಾರವಾಡದವಳು, ಕೈಯಲ್ಲಿ ಕೋಲು. ಮಾಳಿಗೆಯ ಮೇಲಿದ್ದವರೆಲ್ಲ ಬುಟ್ಟಿ ಬಿಟ್ಟು, “ಅಂಬಕ್ಕ ಬಂದಳು! ಅಂಬಕ್ಕ!” ಎಂದು ಅಂಚಿಗೆ ಬಂದು ನಿಂತರು. ರೇವವ್ವ ಸವಳಿನ ಕೈಯಲ್ಲೇ ಹೋಗಿ ಕಾಲು ಮುಟ್ಟಿದಳು. ಮುದುಕಿ ಎಲ್ಲರಿಗೂ ನಕ್ಕಳು. ಕಟ್ಟೆಯ ಮೇಲೆ ಕುರ್ಚಿ ಹಾಕಿದ್ದರೂ ಕೂರಲಿಲ್ಲ. ಕೌಶಿಕ ಏನೋ ಹೇಳಹೋದರೆ ಕೋಲಿನಿಂದ ಅವನನ್ನು ಬದಿಗೆ ಸರಿಸಿ, ಪಡಸಾಲೆ ದಾಟಿ, ದಾರಿ ಕೇಳದೆ ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಗುರ್ತು ಹತ್ತಿತೇನವಾ?” ಎಂದಳು.

“ನಿಮ್ಮ ಗುರ್ತು ಯಾರಿಗಿಲ್ರಿ,” ಎಂದಳು ಶಮೀಮಾಬಿ. ಎದ್ದು ನಿಲ್ಲಲಿಲ್ಲ. ಕೈ ಹಿಟ್ಟಿನಲ್ಲೇ ಇತ್ತು.

ಮೃಣಾಲಿನಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ರೊಟ್ಟಿ ಕಲ್ಲಿನ ಮೇಲೆ ತಿರುಗುವುದನ್ನು, ಅಂಗೈ ಬಿದ್ದಲ್ಲೆಲ್ಲ ಅಗಲವಾಗುವುದನ್ನು ನೋಡಿದಳು. “ನಮ್ಮ ಮನ್ಯಾಗ ಬರೇ ಚಪಾತಿ. ರೊಟ್ಟಿ ಬಡಿಲಿಕ್ಕೆ ನನಗ ಬರಂಗೇ ಇಲ್ಲ,” ಎಂದಳು. “ಹೋದಲ್ಲೆಲ್ಲಾ ಸನ್ಮಾನ ಮಾಡಿ, ಮುಂದ ಹಿಟ್ಟು ಇಟ್ಟು, ಒಂದು ರೊಟ್ಟಿ ಬಡೀರಿ ಅಂಬಕ್ಕಾ ಅಂತಾರ. ಕೈ ನೋವು ಅಂತ ಹೇಳ್ತೀನಿ. ಮೂವತ್ತಮೂರು ವರ್ಷದಿಂದ ನನಗ ಕೈ ನೋವು.”

ನಿಲೋಫರ್‌ಗೆ ನಗು ತಡೆಯಲಾಗಲಿಲ್ಲ. ಶಮೀಮಾಬಿಯ ತುಟಿಯೂ ಸ್ವಲ್ಪ ಅಲುಗಿತು, ಆದರೆ ಅವಳು ಅದನ್ನು ನಗುವಾಗಲು ಬಿಡಲಿಲ್ಲ.

“ಅವತ್ತು ನಾ ನಿನ್ನ ಬಾಜೂಕ ಕೂತಿದ್ದೆ,” ಎಂದಳು ಮೃಣಾಲಿನಿ. “ನಿನ್ನ ಬಳಿ ಒಡದದ್ದು ನೋಡೀನಿ. ಬ್ಯಾಡ ಅಂತ ಒಂದು ಮಾತು ಅಂದಿದ್ರ ಆಗತಿತ್ತು.”

“ಹೌದ್ರಿ. ಅನ್ನಲಿಲ್ಲ ನೀವು.”

“ಅನ್ನಲಿಲ್ಲ.”

ಶಮೀಮಾಬಿ ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದಳು. ಮುದುಕಿ ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದಳು. ಮುದುಕಿ ಕೋಲೂರಿಕೊಂಡು ಹೊರಗೆ ಹೋದಳು. ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ, ಇದರಲ್ಲೇನು ಹೊಸದು ಎಂದುಕೊಂಡು ಶಮೀಮಾಬಿ ಇನ್ನೊಂದು ಮುದ್ದೆ ತೆಗೆದುಕೊಂಡಳು. ಆದರೂ ಅವಳು ಮುದುಕಿಯಿಂದ ಒಂದು ಮಾತು ಬಯಸಿಬಿಟ್ಟಿದ್ದಳು.

ಕಟ್ಟೆಯ ಮೇಲೆ ಕ್ಯಾಮೆರಾ ನಿಂತಿತು. ಕೌಶಿಕ ಮೇಲಕ್ಕೆ ಕೈಮುಗಿದು ಕೇಳಿಕೊಂಡಿದ್ದರಿಂದ ಮಾಳಿಗೆಯವರು ಹತ್ತು ನಿಮಿಷ ಬಡಿಯುವುದು ನಿಲ್ಲಿಸಿ ಅಂಚಿನಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ಎಲ್ಲ ಗಪ್‌ಚಿಪ್ಪಾಯಿತು. ಆಗ ಒಳಗಿನಿಂದ ರೊಟ್ಟಿಯ ಸಪ್ಪಳ ಎದ್ದು ಕೇಳಿಸತೊಡಗಿತು. ಪಟ್, ಪಟ್, ಪಟ್.

ಸೌಂಡಿನವನು ಕಿವಿಯ ಮೇಲಿನದನ್ನು ತೆಗೆದು, “ಒಳಗೆ ಸ್ವಲ್ಪ ನಿಲ್ಲಿಸೋಕೆ ಹೇಳಿ,” ಎಂದ. ಒಬ್ಬ ಬಂದು ಹೇಳಿದ.

“ಇನ್ನೊಂದ ತಾಸಿಗೆ ಇಪ್ಪತ್ತು ಮಂದಿ ಉಣ್ಣಾಕ ಕೂಡ್ತಾರ,” ಎಂದಳು ಶಮೀಮಾಬಿ. “ಅವರು ಹಸದು ಎದ್ರ ನಿಮ್ಮ ಟೀವಿ ಬಡಸತೈತೇನು? ನಾ ನಿಲ್ಲಸೂದಿಲ್ಲ.”

ನಿಲ್ಲಿಸಲಿಲ್ಲ. ಸುಳ್ಳೇಕೆ, ಮೊದಲಿಗಿಂತ ತುಸು ಜೋರಾಗಿಯೇ ಬಡಿದಳು. ಹೊರಗೆ ಕೌಶಿಕ ನಿಟ್ಟುಸಿರು ಬಿಟ್ಟು, ಇರಲಿ ಬಿಡಿ, ಹಳ್ಳಿಯ ವಾತಾವರಣ ಬರುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೇಳಿದ: “ಅಂಬಕ್ಕಾ, ಇಷ್ಟು ವರ್ಷ ಆದ್ಮೇಲೆ ನಿಮ್ಮ ಮನೆಗೆ ಬಂದಿದೀರಿ. ಏನನ್ನಿಸ್ತಿದೆ?”

“ಇದು ನನ್ನ ಮನಿ ಅಲ್ಲೋ,” ಎಂದಳು ಮೃಣಾಲಿನಿ.

ಕೌಶಿಕ ನಕ್ಕು, ಮತ್ತೊಮ್ಮೆ ತೆಗೆಯೋಣ ಎಂದ. “ಅಂಬಕ್ಕನ ರೊಟ್ಟಿ ನಾಡಿಗೇ ಹೆಸರು. ಅದರ ಗುಟ್ಟೇನು?”

“ಒಳಗ ಸಪ್ಪಳ ಕೇಳಸ್ತದಲ್ಲ? ಅವತ್ತೂ ಅವೇ ಕೈ. ನನ್ನವಲ್ಲ. ಒಳಗ ಹೋಗಿ ಕೇಳು.”

“ಮೇಡಂ, ಪ್ಲೀಸ್.”

“ಎಷ್ಟು ಸಲ ಕೇಳ್ತೀ ಕೇಳು. ಕಾಲು ನೋಯ್ತಾವ ಖರೆ, ಹೇಳಲಿಕ್ಕೆ ಬಾಯಿ ನೋಯಂಗಿಲ್ಲ.”

ಮೂರು ಸಲ ಕೇಳಿದ. ಮೂರು ಸಲವೂ ಅದೇ ಉತ್ತರ ಬಂತು. ಮೂರನೆಯ ಸಲ ಮಾಳಿಗೆಯ ಅಂಚಿನಲ್ಲಿ ಕೂತಿದ್ದ ರೇವವ್ವ, “ಹೌದ್ರಿ, ಶಮೀಮಾನ ಕೈನ ಅವು! ನಾ ನೋಡೀನಿ ಅವತ್ತ!” ಎಂದು ಕೂಗಿದ್ದೂ ಸೇರಿಯೇ ದಾಖಲಾಯಿತು. ಮೂವತ್ತಮೂರು ವರ್ಷ ಅಂಬಕ್ಕನ ಮನಿ ಎಂದವಳು ಅವಳೇ. ನೋಡಿದ್ದು ನಿಜ. ಹೇಳಬೇಕೆಂದು ಇಷ್ಟು ದಿನ ಅನ್ನಿಸಿರಲಿಲ್ಲ, ಅಷ್ಟೇ.

ಕೌಶಿಕ ಅಡುಗೆಮನೆಯ ಬಾಗಿಲಿಗೆ ಬಂದಾಗ ಅವನ ಹಿಂದೆ ಕ್ಯಾಮೆರಾದವನೂ ಇದ್ದ. “ಒಳಗೆ ಬರಬಹುದಾ ಅಮ್ಮಾ?” ಎಂದ. ಬೆಳಗಿನಿಂದ ಮೇಡಂ ಎನ್ನುತ್ತಿದ್ದವನು.

ಶಮೀಮಾಬಿ ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಗೋಡೆಗೆ ತೂಗುಹಾಕಿದ್ದ ಕಾಬಾದ ಪಟ ಚಿತ್ರದೊಳಗೆ ಬರುತ್ತದೆಯೇ ಎಂದು ಕ್ಯಾಮೆರಾದವನತ್ತ ನೋಡಿ ಕೇಳಿದಳು. ಬರುತ್ತದೆ ಎಂದ.

“ಇರಲಿ. ಚಪ್ಪಲ್ ಹೊರಗ ಬಿಟ್ಟು ಬರ್ರಿ,” ಎಂದಳು.

“ನಿಮ್ಮ ಪರಿಚಯ ಹೇಳಿ ಅಮ್ಮಾ.”

ಅವಳು ಹಿಟ್ಟಿನ ಮುದ್ದೆಯನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಹಸಿರು ಬಳೆಗಳು ಝಣ್ ಎಂದವು. ಸೌಂಡಿನವನು ಬಳೆ ತೆಗೆಯಿರಿ ಎನ್ನಲು ಬಾಯಿ ತೆರೆದು, ನಿಲೋಫರ್ ನೋಡಿದ ನೋಟಕ್ಕೆ ಮುಚ್ಚಿಕೊಂಡ.

“ಇದು ಕಾಸೀಮಸಾಬರ ಮನಿ,” ಎಂದಳು ಶಮೀಮಾಬಿ, ಕ್ಯಾಮೆರಾವನ್ನೇ ನೋಡುತ್ತ. “ಚಕ್ಕಡಿ ಗಾಲಿ ಕಟ್ಟೂ ಕಾಸೀಮಸಾಬರದು. ಈ ಬಾಗಿಲಾ, ಈ ಕಂಬಾ, ಎಲ್ಲಾ ಅವರ ಕೈದು. ಈ ಗೋಡಿ ಬಿದ್ದು ನಮ್ಮ ಅತ್ತಿ ಮೌಲಾಬಿ ಕಾಲು ಮುರೀತು. ನಾ ಅವರ ಸೊಸಿ, ಶಮೀಮಾಬಿ. ಕೈ ನಂದು.” ಆಮೇಲೆ ಕಣ್ಣು ಕೆಳಗಿಳಿಸಿ ರೊಟ್ಟಿ ಬಡಿಯಲು ಶುರುಮಾಡಿದಳು. ಇನ್ನೂ ಏನೇನೋ ಪ್ರಶ್ನೆಗಳಿದ್ದವು. ಅವಳಿಗೆ ಇನ್ನೂ ಬಡಿಯುವ ರೊಟ್ಟಿಗಳಿದ್ದವು.

ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ಚಿತ್ರದವರನ್ನೂ ಕರೆದರು. ಕೌಶಿಕ ಕೂರಲು ಬಂದಾಗ ರೇವವ್ವ ಅವನನ್ನು ತಡೆದು, “ಬುಟ್ಟಿ ಹೊರದವರಿಗೆ ಊಟಿಲ್ರಿ ಈ ದಿನ,” ಎಂದಳು. ಅವನು ತಮಾಷೆ ಎಂದುಕೊಂಡ. ಅವಳು ಖಾಲಿ ಬುಟ್ಟಿ ತಂದು ಅವನ ಮುಂದಿಟ್ಟಳು. ಅವನು ತನ್ನ ಚೆಂದದ ಅಂಗಿಯಲ್ಲೇ ಹೋಗಿ ಒಂದು ಬುಟ್ಟಿ ಸವಳು ಹೊತ್ತು ಮಾಳಿಗೆ ಹತ್ತಿ ಇಳಿದು ಬಂದು ಕೂತ. ಮೃಣಾಲಿನಿಗೆ ಮಾತ್ರ ಮೊಣಕಾಲಿನ ವಿನಾಯಿತಿ ಸಿಕ್ಕಿತು. ಅವಳ ತಟ್ಟೆಗೆ ಶಮೀಮಾಬಿ ತಾನೇ ರೊಟ್ಟಿ ಹಾಕಿದಳು, ಒಂದಕ್ಕೆ ಎರಡು.

ಹೊರಡುವಾಗ ಕೌಶಿಕ, “ಒಳಗೆ ತೆಗೆದದ್ದನ್ನ ಎಷ್ಟು ಉಳಿಸ್ತಾರೋ ನನ್ನ ಕೈಲಿಲ್ಲ ಅಮ್ಮಾ. ಮೇಲಿನವರಿದಾರೆ,” ಎಂದ. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳಿಗೆ ಅವನ ಮೇಲೆ ತುಸು ಮರ್ಯಾದೆ ಬಂತು.

“ಕತ್ತರಿಸಿದ್ರ ಕತ್ತರಿಸ್ಲಿ. ನಾ ಹೇಳೂದು ಹೇಳೀನಿ,” ಎಂದಳು. “ಆದ್ರ ಹಲಗಿ ಒಯ್ಯೂದು ಮರೀಬ್ಯಾಡ್ರಿ.”

ಹಲಗೆ ಗಾಡಿಗೇರಿತು. ಗಾಡಿಗಳು ಓಣಿ ದಾಟಿದವು. ನಾಲ್ಕರ ಹೊತ್ತಿಗೆ ಪಡುವಲಲ್ಲಿ ಮೋಡ ಕಪ್ಪಾಗಿ ಕಟ್ಟಿಕೊಂಡಿತ್ತು. ಮಾಳಿಗೆಯ ಮೇಲೆ ಕೊನೆಯ ಬುಟ್ಟಿ ಸುರಿದು, ಕೊನೆಯ ಮೂಲೆ ಬಡಿದು, ಮುಯ್ಯಾಳುಗಳು ಮೈ ಝಾಡಿಸಿಕೊಂಡು ತಮ್ಮ ತಮ್ಮ ಮನೆಗೆ ಹೋದರು.

ಶಮೀಮಾಬಿ ಉಳಿದಿದ್ದ ಒಂದು ಹಿಡಿ ಸವಳನ್ನು ರೊಟ್ಟಿಯ ಹಿಟ್ಟಿನಂತೆ ನೀರು ಹಾಕಿ ನಾದಿದಳು. ಬಾಗಿಲಿಗೆ ಎತ್ತರದ ಮಣೆ ಹಾಕಿಕೊಂಡು ಹತ್ತಿ ನಿಂತಳು. ಕಡ್ಡಿಯಿಂದ ತೂತಿನೊಳಗಿನ ಜೇಡರ ಬಲೆ ತೆಗೆದು, ಚಿಟಿಕೆ ಮಣ್ಣು ತುರುಕಿ ಹೆಬ್ಬೆರಳಿನಿಂದ ಒತ್ತಿದಳು. ಒಂದಾಯಿತು, ಎರಡಾಯಿತು, ಮೂರಾಯಿತು. ಬಲಗಡೆಯ ಕೆಳಗಿನದಕ್ಕೆ ಕೈ ಹಾಕುವಷ್ಟರಲ್ಲಿ ಅಲ್ಲಾವುದ್ದೀನ ಮಾಳಿಗೆಯಿಂದ ಇಳಿದು ಬಂದು ಅವಳ ಹಿಂದೆ ನಿಂತ.

“ಸವಳು ಕಟಗಿಗೆ ಹಿಡ್ಯೂದಿಲ್ಲ. ಒಣಗಿ ಉದರತೈತಿ,” ಎಂದ. “ನಾಳೆ ಸಾಗವಾನಿ ಬೆಣಿ ಮಾಡಿ ಕೂಡಸ್ತೀನಿ. ನಾಲ್ಕಕ್ಕೂ.”

“ನಾಳೆ ಮಾಡ್ರಿ. ಇವತ್ತ ಮಳಿ ಬರತೈತಿ.”

ಅವಳು ಮಣೆಯಿಂದಿಳಿದು, ಅಂಗೈಯಲ್ಲಿ ಉಳಿದಿದ್ದ ಮಣ್ಣನ್ನು ಅವನ ಮುಂದೆ ಹಿಡಿದಳು. ಅಲ್ಲಾವುದ್ದೀನ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಚಿಟಿಕೆ ತೆಗೆದುಕೊಂಡು ಮಣೆ ಹತ್ತಿದ. ಅಪ್ಪನ ಹೆಸರಿನ ಕೊನೆಯ ಅಕ್ಷರದೊಳಗೆ ಹೆಬ್ಬೆರಳಿಟ್ಟು ಒತ್ತಿದ, ತೆಗೆಯದೆ ಹಾಗೆಯೇ ಇಟ್ಟುಕೊಂಡು ನಿಂತ. ಮಾಳಿಗೆಯ ಮೇಲೆ ಮೊದಲ ಹನಿಗಳು ಬಿದ್ದ ಸಪ್ಪಳ ಕೇಳಿಸಿತು. ಇಬ್ಬರೂ ತಲೆಯೆತ್ತಿ ನೋಡಿದರು.